ಮೂರು ದೇಶದವರು ಸೇರಿ ವಿಕೋಪದ ಪಾಠ ಮಾಡೋಣ ಅಂತಿದ್ದಾರೆ, ಕೈ ಹಾಕಬಹುದಾ?

ಭೂಗೋಳಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವನು. ಹೋದ ತಿಂಗಳು ಬೇರೆ ಬೇರೆ ದೇಶದ ಎರಡು ವಿಶ್ವವಿದ್ಯಾಲಯದವರು ನಮ್ಮ ವಿಭಾಗಕ್ಕೆ ಮೇಲ್ ಹಾಕಿದ್ದಾರೆ. ಪ್ರವಾಹ, ಭೂಕಂಪ, ಭೂಕುಸಿತ, ಜೊತೆಗೆ ಹವಾಮಾನ ಬದಲಾದರೆ ಊರುಗಳು ಹೇಗೆ ತಾಳಿಕೊಳ್ಳಬೇಕು ಅನ್ನುವುದು, ಇಷ್ಟನ್ನೂ ಸೇರಿಸಿ ಮೂರೂ ಕಡೆಯ ವಿದ್ಯಾರ್ಥಿಗಳಿಗೆ ಒಂದೇ ಕೋರ್ಸ್ ಮಾಡೋಣ ಅಂತ. 12 ವಾರ ಆನ್‌ಲೈನ್, ಆಮೇಲೆ 2 ವಾರ ಫೀಲ್ಡ್ ವರ್ಕ್. ಫೀಲ್ಡ್ ವರ್ಕ್ ಮಾತ್ರ ನಮ್ಮ ಕಡೆಯೇ ಆಗಬೇಕಂತೆ, ಯಾಕಂದರೆ ಜಾಸ್ತಿ ಪ್ರವಾಹ ಬರುವುದು ನಮ್ಮ ನದಿಗೆ! ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು.

ಪ್ರಾಂಶುಪಾಲರಿಗಂತೂ ಖುಷಿಯೋ ಖುಷಿ. ಎಂಒಯು (ಒಡಂಬಡಿಕೆ ಪತ್ರ), ಬ್ಯಾನರ್, ಗ್ರೂಪ್ ಫೋಟೊ ಎಲ್ಲ ಅವರ ಕಣ್ಣ ಮುಂದೆ ಬಂದುಬಿಟ್ಟಿವೆ. ನನಗೆ ಮಾತ್ರ ಅನುಮಾನ. ಅವರು ಕಳಿಸಿದ ಪಠ್ಯಕ್ರಮ ನೋಡಿದೆ. ಮೊದಲ ವಾರ ವ್ಯಾಖ್ಯೆಗಳು, ಎರಡನೇ ವಾರ ವಿಕೋಪದ ಹಾನಿ ಕಡಿಮೆ ಮಾಡಲು ದೇಶಗಳು 2015ರಲ್ಲಿ ಮಾಡಿಕೊಂಡ ಸೆಂಡಾಯ್ ಒಪ್ಪಂದದ 4 ಆದ್ಯತೆ 7 ಗುರಿ, ಹೀಗೇ ಹೋಗುತ್ತದೆ, ಕೊನೇ ವಾರ ಪ್ರೆಸೆಂಟೇಷನ್. ಪೂರ್ತಿ ಸ್ಲೈಡು. ನಮ್ಮ ಹುಡುಗರು ಅವರಿಗೆ ಮನೆ ಮನೆ ಸುತ್ತಿ ಮಾಹಿತಿ ತಂದುಕೊಡುವ ಕೂಲಿಗಳಾಗಿಬಿಡುತ್ತಾರಾ ಅಂತ ಒಂದು ಹೆದರಿಕೆ. ಇಷ್ಟೆಲ್ಲ ಒದ್ದಾಡಿ ಕೊನೆಗೆ ಅವರಿಗೆ ಪುಸ್ತಕದಲ್ಲಿ ಸಿಗದೆ ಇರುವುದು ಏನಾದರೂ ಸಿಗುತ್ತದಾ ಅಂತ ಇನ್ನೊಂದು. ಯಾರಾದರೂ ಇಂಥದ್ದು ಮಾಡಿದ್ದರೆ ನೇರವಾಗಿ ಹೇಳಿ. ಬೇಡ ಅಂದರೂ ಬೇಜಾರಿಲ್ಲ.

ಮಳೆಮಾಪಕ

ಮೇಷ್ಟ್ರೇ, ಕೈ ಹಾಕಿ. ಆದರೆ ಅವರು ಕಳಿಸಿದ ಪಠ್ಯಕ್ರಮವನ್ನು ಹಾಗೇ ಒಪ್ಪಬೇಡಿ.

ಇಂಥದ್ದೇ ಒಂದು ಕೋರ್ಸನ್ನು ನಾನು ಮೂರು ವರ್ಷ ನಡೆಸಿದ್ದೇನೆ, ನಮ್ಮದೂ ಮೂರು ದೇಶ. ಮೊದಲ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪ್ರತಿ ಪ್ರೊಫೆಸರೂ ತಮ್ಮ ಹಳೇ ಸ್ಲೈಡು ತಂದು ಓದಿದರು (ನಾನೂ ಸೇರಿ), ಹುಡುಗರು ಕ್ಯಾಮೆರಾ ಆಫ್ ಮಾಡಿಕೊಂಡು ಎಲ್ಲಿ ಹೋದರೋ ದೇವರಿಗೇ ಗೊತ್ತು.

ಎರಡನೇ ವರ್ಷ ಒಂದು ಡಬ್ಬಿ ತಂದೆವು. ಮೂರೂ ಕಡೆ ಒಂದೊಂದು. ಒಳಗೆ 100 ಚೀಟಿ, 99 ಬಿಳಿ, 1 ಕೆಂಪು. 'ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ' ಅಂತ ನಾವೆಲ್ಲ ಬರೆಯುತ್ತೇವಲ್ಲ, ಹಾಗಂದರೆ ಏನು ಅಂತ ಕೇಳಿದೆವು. ಮೂರೂ ದೇಶದವರು ಮಾತಾಡಿಕೊಂಡ ಹಾಗೆ ಒಂದೇ ತಪ್ಪು ಉತ್ತರ ಕೊಟ್ಟರು: ಈ ಸಲ ಬಂದು ಹೋಯಿತು ಅಂದರೆ ಇನ್ನು ನೂರು ವರ್ಷ ಚಿಂತೆ ಇಲ್ಲ. ಸರಿ ಹಾಗಾದರೆ ಚೀಟಿ ಎತ್ತಿ ಅಂದೆವು. ಒಬ್ಬೊಬ್ಬರೂ 30 ಸಲ ಎತ್ತಬೇಕು, ಎತ್ತಿದ್ದನ್ನು ವಾಪಸ್ ಹಾಕಿ ಕಲಕಬೇಕು. ಒಂದು ಸಲ ಅಂದರೆ ಒಂದು ವರ್ಷ, 30 ಸಲ ಅಂದರೆ ಒಂದು ಮನೆಯ ಸಾಲ ತೀರುವಷ್ಟು ಕಾಲ ಅಂತ ಇಟ್ಟುಕೊಳ್ಳಿ. ಕೆಂಪು ಬಂದರೆ ಆ ವರ್ಷ ಮನೆಗೆ ನೀರು ನುಗ್ಗಿತು, ಅಂದರೆ ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ. 30 ಸಲದಲ್ಲಿ ಒಮ್ಮೆಯಾದರೂ ಕೆಂಪು ಬರುವ ಸಾಧ್ಯತೆ ಲೆಕ್ಕ ಹಾಕಿದರೆ 26% ಬರುತ್ತದೆ, ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರ ಮನೆಗೆ. ಒಬ್ಬ ಹುಡುಗಿಗೆ 4ನೇ ಸಲವೇ ಕೆಂಪು ಬಂತು, 11ನೇ ಸಲ ಮತ್ತೆ ಬಂತು. ಅವಳು ಚೀಟಿಯನ್ನು ಕ್ಯಾಮೆರಾದ ಮುಂದೆ ಹಿಡಿದು 'ಇದು ಮೋಸ' ಅಂತ ಕೂಗಿದಳು. ಇನ್ನೊಂದು ದೇಶದ ಹುಡುಗನೊಬ್ಬ, ಅವನ ಮನೆಗೆ ಎರಡು ವರ್ಷದಲ್ಲಿ ಎರಡು ಸಲ ನಿಜವಾಗಿಯೇ ನೀರು ಬಂದಿತ್ತಂತೆ, ಮೆಲ್ಲಗೆ 'ನಮ್ಮಪ್ಪನೂ ಹೀಗೇ ಅಂದಿದ್ದರು' ಅಂದ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆವತ್ತಿನಿಂದ ಕ್ಯಾಮೆರಾಗಳೆಲ್ಲ ಆನ್.

ಮುಂದಿನ ವಾರ ಎರಡು ಬಿಳಿ ಚೀಟಿ ತೆಗೆದು ಎರಡು ಕೆಂಪು ಹಾಕಿದೆವು. ಹೊರಗೆ ನೋಡಿದರೆ ಡಬ್ಬಿ ಅದೇ ಡಬ್ಬಿ. ಆದರೆ 30 ವರ್ಷದ ಲೆಕ್ಕ 26ರಿಂದ 60% ಆಗಿಬಿಡುತ್ತದೆ. ಹವಾಮಾನ ಬದಲಾವಣೆಯ ಪಾಠ ಅಲ್ಲಿಂದ ಶುರು. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಸುರಿದಾಗ ಜೋರಾಗಿ ಸುರಿಯುತ್ತದೆ, ನಮ್ಮ ಚರಂಡಿ ಸೇತುವೆಗಳೆಲ್ಲ ಹಳೇ ಡಬ್ಬಿಯ ಲೆಕ್ಕ ನೋಡಿ ಕಟ್ಟಿದ್ದು. ನಿಜವಾಗಿ ಎಷ್ಟು ಕೆಂಪು ಚೀಟಿ ಸೇರಿಸಬೇಕು ಅನ್ನುವುದು ಒಂದೊಂದು ನದಿಗೂ ಬೇರೆ. ಅದನ್ನೇ ಮೂರೂ ಕಡೆಯವರಿಗೆ ಅಸೈನ್‌ಮೆಂಟ್ ಕೊಟ್ಟೆವು, ತಮ್ಮ ತಮ್ಮ ಮಳೆ ದಾಖಲೆ ಹಿಡಿದು ವಾದ ಮಾಡಲಿ ಅಂತ.

ಇನ್ನು ಚಿಕ್ಕಪುಟ್ಟ ವಿಷಯ. ಪಾಠ ಕೇಳುವುದನ್ನು ಮೊದಲೇ ರೆಕಾರ್ಡ್ ಮಾಡಿ ಕೊಡಿ, ಒಟ್ಟಿಗೆ ಸೇರುವ ಒಂದೂವರೆ ಗಂಟೆ ಬರೀ ಕೆಲಸಕ್ಕೆ. ಸಮಯವನ್ನು ವಾರ ವಾರ ಬದಲಾಯಿಸಿ, ಇಲ್ಲದಿದ್ದರೆ ಒಂದು ಕಡೆಯವರೇ ಯಾವಾಗಲೂ ನಡುರಾತ್ರಿ ಎದ್ದು ಕೂರಬೇಕಾಗುತ್ತದೆ. ಆ ಕಡೆ ಯಾವುದು ಅಂತ ನಾನು ಬೇರೆ ಹೇಳಬೇಕಾ?

ಮತ್ತೆ ವ್ಯಾಖ್ಯೆಗಳ ವಾರವನ್ನು ತೆಗೆಯಬೇಡಿ, ತಿರುಗಿಸಿ ಹಾಕಿ. ಹಜಾರ್ಡ್, ರಿಸ್ಕ್ ಎರಡಕ್ಕೂ ನಾವು 'ಅಪಾಯ' ಅಂದುಬಿಡುತ್ತೇವೆ ಅಲ್ವಾ? ಅವರವರ ಭಾಷೆಯಲ್ಲಿ, ಓದದೇ ಇರುವ ಮನೆಯವರೊಬ್ಬರಿಗೆ ಇವೆರಡರ ವ್ಯತ್ಯಾಸ ಹೇಳಿ ಬನ್ನಿ ಅಂತ ಕಳಿಸಿದ್ದೆ. ಒಬ್ಬಳು ಬಂದು ಹೇಳಿದ್ದು: 'ಹಾದಿಯಲ್ಲಿ ಹಾವಿರುವುದು ಹಜಾರ್ಡು, ಕತ್ತಲಲ್ಲಿ ಬರಿಗಾಲಲ್ಲಿ ಆ ಹಾದಿಗೆ ಹೋಗುವುದು ರಿಸ್ಕು, ಚಪ್ಪಲಿ ಇಲ್ಲದಿರುವುದು ಬಡತನ.' ಮೂರನೆಯದು ನಾನು ಕೇಳಿರಲೇ ಇಲ್ಲ. ಯಾವ ಸ್ಲೈಡಿನಲ್ಲೂ ಅಷ್ಟು ಚೆನ್ನಾಗಿ ನೋಡಿಲ್ಲ.

ಸುಮ್ನೆಕೇಳ್ದೆ

ಎಲ್ಲ ಚೆನ್ನಾಗಿದೆ. ಆದರೆ ಚೀಟಿ ಎತ್ತೋದಕ್ಕೆ ಮೂರು ದೇಶ ಯಾಕೆ ಬೇಕು ಸ್ವಾಮಿ? ಒಂದು ಡಬ್ಬಿ, ಒಂದು ಕ್ಲಾಸು ಸಾಕಲ್ಲ.

ನನ್ನ ಅನುಭವ ಕೇಳಿ. ಎಂಎಸ್‌ಸಿ ಓದುವಾಗ ಇಂಥದ್ದೇ 'ಸಹಯೋಗ'ದಲ್ಲಿ ನಾವು ಆರು ಜನ ನೆರೆ ಇಳಿದ ಮೇಲೆ 140 ಮನೆ ಸುತ್ತಿದೆವು. ಕೆಸರಲ್ಲಿ ಚಪ್ಪಲಿ ಹೋಯಿತು, ಒಬ್ಬನಿಗೆ ಜ್ವರ ಬಂತು. ಪ್ರಶ್ನೆಪತ್ರಿಕೆ ಅವರದ್ದು, ಉತ್ತರ ಹೋಗಿದ್ದು ಅವರ ಸರ್ವರ್‌ಗೆ. ಎರಡು ವರ್ಷದ ನಂತರ ಪೇಪರ್ ಬಂತು. ಕೊನೇ ಪುಟದಲ್ಲಿ 'ಸ್ಥಳೀಯ ವಿದ್ಯಾರ್ಥಿಗಳಿಗೆ ಧನ್ಯವಾದ'. ಹೆಸರೂ ಇಲ್ಲ. ಆ 140 ಮನೆಯವರಿಗಂತೂ ಪೇಪರ್ ಬಂದಿದ್ದೇ ಗೊತ್ತಿಲ್ಲ. ಮೇಲಿಂದ ಇಳಿದು, ಬೇಕಾದ್ದು ಬಾಚಿಕೊಂಡು ಹೋಗುವ ಇದಕ್ಕೆ ಪ್ಯಾರಾಚೂಟ್ ಸಂಶೋಧನೆ ಅಂತ ಹೆಸರೇ ಇದೆ. ಮೇಷ್ಟ್ರಿಗೆ ಸಿಟ್ಟು ಬಂದಿದ್ದು ಸರಿಯಾಗೇ ಇದೆ.

ಬೂದಿಮಣ್ಣು

ಚೀಟಿ ಡಬ್ಬಿಯನ್ನು ನಾನು ಕದಿಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

@ಸುಮ್ನೆಕೇಳ್ದೆ, ನಿಮಗೆ ಆಗಿದ್ದು ಅನ್ಯಾಯವೇ. ಮಾತು ಆಡುವುದಕ್ಕೆ ಮುಂಚೆಯೇ ಮಾಹಿತಿ ಯಾರದ್ದು, ಪೇಪರ್‌ನಲ್ಲಿ ಯಾರ ಹೆಸರು ಅಂತ ಬರೆಸಿಕೊಳ್ಳಬೇಕು, ಎಂಒಯುನಲ್ಲಿ ಆ ಪುಟ ಇಲ್ಲದಿದ್ದರೆ ಸಹಿ ಬೇಡ. ಆದರೆ ಬೇರೆ ದೇಶ ಯಾಕೆ ಬೇಕು ಅಂದಿರಲ್ಲ, ಅದಕ್ಕೆ ನನ್ನ ಕಡೆಯಿಂದ ಉತ್ತರ ಇದೆ. ನನ್ನ ವಿಷಯ ಜ್ವಾಲಾಮುಖಿ. ಅಂಥ ದೊಡ್ಡ ಘಟನೆ ಒಂದು ಊರಿನವರ ಬದುಕಲ್ಲಿ ಒಂದು ಸಲ ಆದರೆ ಹೆಚ್ಚು. ನಮಗೆ ಬರುವ ಹೊತ್ತಿಗೆ ಕಲಿಯಲು ಸಮಯ ಇರುವುದಿಲ್ಲ. ಬೇರೆಯವರಿಗೆ ಬಂದಾಗಲೇ ಕಲಿತಿರಬೇಕು.

1985ರ ನವೆಂಬರ್ 13. ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ. ಅಂಥ ಭಾರಿ ಸ್ಫೋಟವೇನೂ ಅಲ್ಲ. ಆದರೆ ತುದಿಯಲ್ಲಿದ್ದ ಹಿಮ ಕರಗಿ, ಬೂದಿ ಕಲ್ಲು ಎಲ್ಲ ಸೇರಿಕೊಂಡು ಕಾಂಕ್ರೀಟಿನಂಥ ಕೆಸರು ಕಣಿವೆ ಹಿಡಿದು ಇಳಿಯಿತು. ಅರ್ಮೆರೊ ಅನ್ನುವ ಪಟ್ಟಣ ತಲುಪಲು ಅದಕ್ಕೆ ಸುಮಾರು ಎರಡೂವರೆ ಗಂಟೆ ಹಿಡಿಯಿತು. ಪಕ್ಕದ ಎತ್ತರಕ್ಕೆ ನಡೆದೇ ಹೋಗಬಹುದಾಗಿತ್ತು. ಸತ್ತವರು ಸುಮಾರು 23,000. ಹೊಟ್ಟೆ ಉರಿಯುವ ವಿಷಯ ಏನಂದರೆ, ಒಂದು ತಿಂಗಳ ಹಿಂದೆಯೇ ವಿಜ್ಞಾನಿಗಳು ಅಪಾಯದ ನಕ್ಷೆ ಮಾಡಿ ಕೊಟ್ಟಿದ್ದರು, ಅರ್ಮೆರೊ ಅದರಲ್ಲಿ ಬಣ್ಣ ಬಳಿದ ಜಾಗದೊಳಗೇ ಇತ್ತು. ನಕ್ಷೆ ಇತ್ತು, ಅದನ್ನು ನೋಡಿ ಎದ್ದು ಹೊರಟವರಿಲ್ಲ.

ಮಾರನೇ ವರ್ಷವೇ ಅಮೆರಿಕದ ಭೂಗರ್ಭ ಸಂಸ್ಥೆ ಬೇರೆ ದೇಶಗಳ ಜ್ವಾಲಾಮುಖಿ ತಜ್ಞರಿಗೆ ಜೊತೆ ನಿಲ್ಲಲು ಒಂದು ತಂಡ ಕಟ್ಟಿತು. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಬೆಟ್ಟ ಮಿಸುಕಾಡಿದಾಗ ಆ ತಂಡ ಹೋಗಿ ಅಲ್ಲಿನವರ ಜೊತೆ ಕೂತು ಕೆಲಸ ಮಾಡಿತು. ಆಗ ಅಧಿಕಾರಿಗಳಿಗೂ ಜನರಿಗೂ ತೋರಿಸಿದ್ದು ಬರೀ ನಕ್ಷೆ ಅಲ್ಲ, ಒಂದು ವಿಡಿಯೊ. ಫ್ರಾನ್ಸಿನ ಜ್ವಾಲಾಮುಖಿ ತಜ್ಞ ಮೌರಿಸ್ ಕ್ರಾಫ್ಟ್ ಬೇರೆ ಬೇರೆ ದೇಶದ ಜ್ವಾಲಾಮುಖಿಗಳ ದೃಶ್ಯ ಸೇರಿಸಿ ಮಾಡಿದ್ದು. ಬಿಸಿ ಬೂದಿ ಇಳಿಜಾರಿನಲ್ಲಿ ಹೇಗೆ ನುಗ್ಗುತ್ತದೆ, ಕೆಸರು ಬಂದರೆ ಮನೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದ ಮೇಲೆ ಜನ ಎದ್ದರು. ಜೂನ್ 15ರ ದೊಡ್ಡ ಸ್ಫೋಟಕ್ಕೆ ಮುಂಚೆ ಹತ್ತಾರು ಸಾವಿರ ಜನ ಜಾಗ ಖಾಲಿ ಮಾಡಿದ್ದರು. ಕ್ರಾಫ್ಟ್ ಮತ್ತು ಅವರ ಹೆಂಡತಿ ಕಾಟ್ಯಾ ಅದನ್ನು ನೋಡಲು ಇರಲಿಲ್ಲ. 12 ದಿನ ಮುಂಚೆ ಜಪಾನಿನ ಉನ್ಜೆನ್ ಜ್ವಾಲಾಮುಖಿಯಲ್ಲಿ ತೀರಿಕೊಂಡಿದ್ದರು.

ಒಂದು ಮಾತು ಸೇರಿಸುತ್ತೇನೆ. ಪಿನಾಟುಬೊ ಸ್ಫೋಟದ ದಿನವೇ ಅಲ್ಲಿಗೆ ಚಂಡಮಾರುತವೂ ಬಂತು. ಬಿದ್ದ ಬೂದಿ ಮಳೆಗೆ ನೆನೆದು ಭಾರವಾಗಿ ಚಾವಣಿಗಳು ಕುಸಿದವು, ಸತ್ತವರಲ್ಲಿ ತುಂಬಾ ಜನ ಹಾಗೇ ಸತ್ತರು. ಪಠ್ಯಕ್ರಮದಲ್ಲಿ ಪ್ರವಾಹಕ್ಕೆ ಒಂದು ವಾರ, ಭೂಕಂಪಕ್ಕೆ ಒಂದು ವಾರ ಅಂತ ಡಬ್ಬ ಡಬ್ಬ ಮಾಡುತ್ತೀರಲ್ಲ, ಪ್ರಕೃತಿ ಆ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ.

ಆದ್ದರಿಂದ ಮೇಷ್ಟ್ರೇ, ಕೊನೇ ವಾರ ಪ್ರೊಫೆಸರುಗಳ ಮುಂದೆ ಪ್ರೆಸೆಂಟೇಷನ್ ಬೇಡ. ನಿರ್ಧಾರ ತೆಗೆದುಕೊಳ್ಳುವ ಜಾಗದಲ್ಲಿ ಇರುವ ಒಬ್ಬರ ಮುಂದೆ, ಹತ್ತು ನಿಮಿಷದಲ್ಲಿ, ಅವರ ಭಾಷೆಯಲ್ಲಿ. ಅವರಿಗೆ ಅರ್ಥ ಆದರೆ ಪಾಸ್.

ಕೊನೆಬೆಂಚು

ನಾನು ಇಂಥ ಕೋರ್ಸ್ ಮುಗಿಸಿದ ವಿದ್ಯಾರ್ಥಿ. ಉಪಯೋಗ ಆಯ್ತಾ ಅಂತ ಕೇಳಿದರೆ ಆಯ್ತು, ಆದರೆ ಪಾಠದಿಂದಲ್ಲ, ಒಂದು ಜಗಳದಿಂದ.

ನಮ್ಮ ಗುಂಪಿನಲ್ಲಿ ನಾವಿಬ್ಬರು, ಆ ಕಡೆಯವರು ಮೂವರು. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಅದು ರೇಡಾರ್, ಮೋಡ ಇದ್ದರೂ ರಾತ್ರಿಯಾದರೂ ಕಾಣಿಸುತ್ತದೆ. ನಿಂತ ನೀರು ಕಪ್ಪಗೆ ಕಾಣುತ್ತದೆ, ಯಾಕಂದರೆ ಸಿಗ್ನಲ್ ಕನ್ನಡಿಗೆ ಬಡಿದ ಹಾಗೆ ಆಚೆ ಜಾರಿಹೋಗುತ್ತದೆ. ಅವರು ಚಕಚಕನೆ ಪ್ರವಾಹದ ನಕ್ಷೆ ಮಾಡಿಬಿಟ್ಟರು. ನಮಗೆ ಆ ಸಾಫ್ಟ್‌ವೇರ್ ಹಿಡಿಯಲೂ ಬರುತ್ತಿರಲಿಲ್ಲ, ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆವು. ನಕ್ಷೆಯಲ್ಲಿ ಗದ್ದೆಬಯಲೆಲ್ಲ ಕಪ್ಪು, ಪೇಟೆಯ ಬೀದಿಗಳು ಬೆಳ್ಳಗೆ. 'ಪೇಟೆ ಸುರಕ್ಷಿತ' ಅಂತ ಅವರು ವರದಿಯಲ್ಲಿ ಬರೆದರು.

ಆದರೆ ನಾವು ಆ ಬೀದಿಯಲ್ಲಿ ಓಡಾಡಿದ್ದೆವು. ಅಂಗಡಿ ಗೋಡೆಗಳ ಮೇಲೆ ಸೊಂಟದ ಎತ್ತರಕ್ಕೆ ಕೆಸರಿನ ಗೆರೆ ಒಣಗಿ ಹಾಗೇ ನಿಂತಿತ್ತು. ಇಲ್ಲ, ನೀರು ಬಂದಿದೆ ಅಂದೆವು. ಉಪಗ್ರಹ ಸುಳ್ಳು ಹೇಳುತ್ತದಾ ಅಂದರು. ಟೇಪ್ ಹಿಡಿದು ಗೆರೆಯ ಫೋಟೊ ತೆಗೆದು ಕಳಿಸಿದ ಮೇಲೆ ಮೂರು ದಿನ ಆ ಕಡೆಯಿಂದ ಮಾತಿಲ್ಲ. ಆಮೇಲೆ ಅವರೇ ಕಾರಣ ಹುಡುಕಿಕೊಂಡು ಬಂದರು. ಕಟ್ಟಡಗಳ ನಡುವೆ ನೀರಿದ್ದರೆ ಸಿಗ್ನಲ್ ನೀರಿಗೂ ಗೋಡೆಗೂ ಬಡಿದು ನೇರ ಉಪಗ್ರಹಕ್ಕೇ ವಾಪಸ್ ಹೋಗುತ್ತದೆ, ಅದಕ್ಕೇ ಕಪ್ಪಾಗುವ ಬದಲು ಬೆಳ್ಳಗೆ ಕಾಣುತ್ತದೆ. ಯಾರಿಗೂ ಗೊತ್ತಿಲ್ಲದ್ದೇನಲ್ಲ, ತಜ್ಞರಿಗೆಲ್ಲ ಗೊತ್ತಿರುವ ತೊಂದರೆಯಂತೆ, ಆದರೆ ನಮ್ಮ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆವತ್ತಿನಿಂದ ಅವರು ನಮಗೆ ಸಾಫ್ಟ್‌ವೇರ್ ಕಲಿಸಿದರು, ನಾವು ಗೋಡೆ ಓದುವುದನ್ನು ಕಲಿಸಿದೆವು. ಸುಮ್ನೆಕೇಳ್ದೆ ಸರ್ ಅಥವಾ ಮೇಡಂ, ಮೂರು ದೇಶ ಯಾಕೆ ಅಂದರೆ ಇದಕ್ಕೇ. ನಮ್ಮ ಹತ್ತಿರ ಗೋಡೆ ಇತ್ತು, ಅವರ ಹತ್ತಿರ ರೇಡಾರ್ ಇತ್ತು.

ಒಂದು ವಿನಂತಿ ಮೇಷ್ಟ್ರೇ. ಮನೆ ಕಳೆದುಕೊಂಡವರ ಹತ್ತಿರ ಹೋಗಿ 'ಆವತ್ತು ನಿಮಗೆ ಏನನ್ನಿಸಿತು' ಅಂತ ಕೇಳಿಸಬೇಡಿ. ನಾವು ಕೇಳಿದ್ದೆವು. ಒಬ್ಬ ಅಜ್ಜಿ ಅಳಲು ಶುರು ಮಾಡಿದರು, ನಮಗೆ ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ, ಫಾರ್ಮ್ ಹಿಡಿದುಕೊಂಡು ನಿಂತಿದ್ದೆವು. ಗೆರೆ ಎಲ್ಲಿವರೆಗೆ ಬಂದಿತ್ತು, ಮುನ್ಸೂಚನೆ ಯಾರು ತಂದರು, ಎಷ್ಟು ಹೊತ್ತಿಗೆ, ಅಷ್ಟು ಕೇಳಿದರೆ ಸಾಕು.

ಸುಮ್ನೆಕೇಳ್ದೆ

ಮೇಡಂ ಅಲ್ಲ, ಸರ್. ಗೋಡೆ ರೇಡಾರ್ ಮಾತು ಒಪ್ಪಿದೆ. ಆದರೆ ಆ ವರದಿಯಲ್ಲಿ ನಿಮ್ಮಿಬ್ಬರ ಹೆಸರು ಇತ್ತಾ?

ಕೊನೆಬೆಂಚು

ಇತ್ತು ಸರ್, ಐದೂ ಹೆಸರು. ಅಕ್ಷರಮಾಲೆ ಪ್ರಕಾರ.

ಮಳೆಮಾಪಕ

ಬೂದಿಮಣ್ಣು ಅವರ ಅರ್ಮೆರೊ ಕಥೆಗೆ ಜೋಡಿಯಾಗಿ ನಾನು ಯಾವಾಗಲೂ ಇನ್ನೊಂದನ್ನು ಇಡುತ್ತೇನೆ, ಅದು ಸರಿಯಾಗಿ ಉಲ್ಟಾ. 2011ರ ಮಾರ್ಚ್ 11, ದೊಡ್ಡ ಭೂಕಂಪದ ಬೆನ್ನಿಗೆ ಸುನಾಮಿ ಬಂದ ದಿನ, ಜಪಾನಿನ ಕಾಮೈಶಿ ಊರು. ಅಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರು ವರ್ಷಗಟ್ಟಲೆ ಶಾಲೆಗಳಿಗೆ ಹೋಗಿ ಸುನಾಮಿ ಪಾಠ ಮಾಡಿದ್ದರು. ಅವರು ಹೇಳಿಕೊಟ್ಟಿದ್ದರಲ್ಲಿ ಮೊದಲನೆಯದೇ, ನಕ್ಷೆಯನ್ನು ನಂಬಿ ಕೂರಬೇಡಿ ಅಂತ. ಆ ಊರಿನ ಉನೊಸುಮಾಯ್ ಭಾಗದ ಎರಡು ಶಾಲೆಗಳು ನಕ್ಷೆಯ ಪ್ರಕಾರ ಸುನಾಮಿ ಮುಟ್ಟದ ಜಾಗದಲ್ಲಿದ್ದವು. ಆದರೂ ದೊಡ್ಡ ಮಕ್ಕಳು ಓಡಿದರು, ಅವರನ್ನು ನೋಡಿ ಪಕ್ಕದ ಶಾಲೆಯ ಚಿಕ್ಕ ಮಕ್ಕಳೂ ಓಡಿದರು. ಮೊದಲು ಗೊತ್ತು ಮಾಡಿದ್ದ ಜಾಗಕ್ಕೆ ಹೋಗಿ ನೋಡಿದರೆ ಹಿಂದಿನ ಗುಡ್ಡ ಜರಿಯುತ್ತಿದೆ, ಇಲ್ಲಿ ಬೇಡ ಅಂತ ಇನ್ನೂ ಮೇಲಕ್ಕೆ ಹೋದರು, ಅಲ್ಲಿಂದಲೂ ಮೇಲಕ್ಕೆ. ಅವರ ಶಾಲೆಗಳು ಪೂರ್ತಿ ಮುಳುಗಿದವು. ಆವತ್ತು ಆ ಊರಿನಲ್ಲಿ ಶಾಲೆಯಲ್ಲಿದ್ದ ಸುಮಾರು 3,000 ಮಕ್ಕಳು ಬದುಕಿದರು.

ಅದೇ ದಿನ ಓಕಾವಾ ಅನ್ನುವ ಇನ್ನೊಂದು ಕಡೆಯ ಪ್ರಾಥಮಿಕ ಶಾಲೆ. ಅದೂ ನಕ್ಷೆಯಲ್ಲಿ ಸುರಕ್ಷಿತ ಜಾಗ. ಸುಮಾರು 50 ನಿಮಿಷ ಮಕ್ಕಳು ಅಂಗಳದಲ್ಲೇ ಇದ್ದರು. 74 ಮಕ್ಕಳು, 10 ಶಿಕ್ಷಕರು ಹೋದರು. ಈ ಪಾಠ ಮಾಡುವಾಗ ನನಗೆ ಗಂಟಲು ಕಟ್ಟುತ್ತದೆ, ಪ್ರತಿ ವರ್ಷ.

ಭೂಗೋಳಮೇಷ್ಟ್ರು

ಎಲ್ಲರ ಉತ್ತರ ಎರಡೆರಡು ಸಲ ಓದಿದೆ. ಒಂದು ಗೊಂದಲ ಉಳಿಯಿತು. ಅರ್ಮೆರೊದಲ್ಲಿ ನಕ್ಷೆಯನ್ನು ಯಾರೂ ಕೇಳಲಿಲ್ಲ, ಸತ್ತರು. ಓಕಾವಾದಲ್ಲಿ ನಕ್ಷೆ ಹೇಳಿದ್ದು ಸರಿ ಅಂದುಕೊಂಡರು, ಸತ್ತರು. ಹಾಗಾದರೆ ಹುಡುಗರಿಗೆ ನಕ್ಷೆಯನ್ನು ನಂಬಿ ಅನ್ನಲಾ, ನಂಬಬೇಡಿ ಅನ್ನಲಾ?

ಬೂದಿಮಣ್ಣು

ಗೆರೆಯ ಒಳಗಿದ್ದರೆ ನಂಬಿ, ಹೊರಗಿದ್ದರೆ ನಂಬಬೇಡಿ. ಕೇಳಲು ವಿಚಿತ್ರ ಅನ್ನಿಸಬಹುದು. ನಕ್ಷೆ ಮಾಡುವವರು ಹಿಂದೆ ಆದದ್ದನ್ನೋ ಒಂದು ಅಂದಾಜಿನ ಘಟನೆಯನ್ನೋ ಇಟ್ಟುಕೊಂಡು ಗೆರೆ ಎಳೆಯುತ್ತಾರೆ. ಒಳಗಿರುವವರಿಗೆ ಅದು ಎಚ್ಚರಿಕೆ. ಹೊರಗಿರುವವರಿಗೆ ಅದು ಯಾವ ಭರವಸೆಯನ್ನೂ ಕೊಟ್ಟಿಲ್ಲ, ಕೊಟ್ಟಿದೆ ಅಂತ ನಾವು ಓದಿಕೊಳ್ಳುತ್ತೇವೆ ಅಷ್ಟೇ. ಕೊನೆಬೆಂಚಿನವರ 'ಪೇಟೆ ಸುರಕ್ಷಿತ'ವೂ ಅದೇ ಅಲ್ವಾ? ಬಿಳಿ ಕಂಡಿತು, ನೀರಿಲ್ಲ ಅಂತ ಓದಿದರು.

ನನ್ನನ್ನು ಕೇಳಿದರೆ 12 ವಾರದಲ್ಲಿ ಇದೊಂದು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ಬೋನಸ್ಸು.

ಭೂಗೋಳಮೇಷ್ಟ್ರು

ಸರಿ, ಮೇಲ್ ಹಾಕಿದೆ. ಫೀಲ್ಡ್ ವರ್ಕ್ ಒಂದೇ ಕಡೆ ಬೇಡ, ಒಂದು ವಾರ ನಮ್ಮ ನದಿ, ಒಂದು ವಾರ ಅವರ ಕರಾವಳಿ, ಅವರ ಕಡೆಯೂ ಸಮುದ್ರ ದಡ ಕೊರೆಯುತ್ತಿದೆಯಂತೆ, ನಮ್ಮ ಹುಡುಗರೂ ಹೋಗಿ ಅವರ ಗೋಡೆ ಓದಲಿ. ಹಣ ಸಾಲದಿದ್ದರೆ ಎರಡೂ ಕಡೆ ಇಬ್ಬಿಬ್ಬರೇ ಹೋಗಲಿ, ಮಿಕ್ಕವರು ವಿಡಿಯೊದಲ್ಲಿ. ಮಾಹಿತಿ ಮೂವರದ್ದೂ, ಹೆಸರು ಎಲ್ಲರದ್ದೂ, ಸುತ್ತಿದ ಮನೆಗಳಿಗೆ ವರದಿಯ ಒಂದು ಪುಟ ಅವರ ಭಾಷೆಯಲ್ಲಿ ವಾಪಸ್. ಮೊದಲ ವಾರ ಚೀಟಿ ಡಬ್ಬಿ. ಎರಡು ವಿಶ್ವವಿದ್ಯಾಲಯದಲ್ಲಿ ಒಂದು ಅರ್ಧ ಗಂಟೆಯಲ್ಲೇ ಒಪ್ಪಿತು. ಇನ್ನೊಂದು 'ಸಮಿತಿಯ ಮುಂದೆ ಇಡುತ್ತೇವೆ' ಅಂದಿದೆ, ನೋಡೋಣ.

ಪ್ರಾಂಶುಪಾಲರು ಬ್ಯಾನರ್ ಮಾತ್ರ ಬಿಡುವುದಿಲ್ಲವಂತೆ.

ಮಳೆಮಾಪಕ

ಬ್ಯಾನರ್ ಇರಲಿ ಬಿಡಿ, ಪಾಪ. ಚೀಟಿ ಮಾಡುವಾಗ ಒಂದು ನೆನಪಿರಲಿ: ಕೆಂಪು, ಬಿಳಿ ಎರಡೂ ಒಂದೇ ದಪ್ಪದ ಕಾಗದ ತಗೊಳ್ಳಿ. ನಮ್ಮಲ್ಲಿ ಕೆಂಪು ಸ್ವಲ್ಪ ದಪ್ಪ ಇತ್ತು, ಎರಡೇ ದಿನದಲ್ಲಿ ಹುಡುಗರು ಮುಟ್ಟಿ ನೋಡಿಯೇ ಪ್ರವಾಹ ತಪ್ಪಿಸಿಕೊಳ್ಳಲು ಶುರು ಮಾಡಿದ್ದರು.